ಹೆಸರಳಿದರೂ ಓಲೆ ಅಳಿಯದು



ಶರಣರ ನಡೆನುಡಿಗಳನ್ನು ಕುರಿತು ಬರೆಯುವ ಈ ಅಂಕಣದಲ್ಲಿ ಗಣಕಯಂತ್ರದ ಮಾತು ಬಂದುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮನೆತನದ ವಂಶಾವಳಿ, ಮಠದ ದಾಸೋಹದ ಲೆಕ್ಕ, ಹಿರಿಯರ ಭಾವಚಿತ್ರ ಎಲ್ಲವೂ ಇಂದು ಆ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಅದು ಕೆಟ್ಟು ಕುಳಿತಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಗೃಹಸ್ಥರೆಲ್ಲರೂ ಅರಿತಿರುವುದು ಒಳ್ಳೆಯದು.

ಅಜ್ಜಂಪುರ ಸೀಮೆಯ ಒಂದು ಮನೆಯಲ್ಲಿ ವಚನಗಳ ತಾಡವೋಲೆಯ ಕಟ್ಟೊಂದಿತ್ತು. ಹಲವು ವರ್ಷಗಳ ಹಿಂದೆ ಅದನ್ನು ಬೇಡಿ ತಂದು, ಕಡೂರಿನ ನಮ್ಮ ಮನೆಯ ಗಣಕಯಂತ್ರದಲ್ಲಿ 'ನುಡಿ' ತಂತ್ರಾಂಶದ ನೆರವಿನಿಂದ ಅಕ್ಷರಕ್ಕೆ ಅಕ್ಷರ ಪ್ರತಿಮಾಡಿಕೊಂಡು ಹಿಂದಿರುಗಿಸಿದ್ದೆ. ಅನಂತರ ಆ ಮನೆಯ ಯಜಮಾನರು ಲಿಂಗೈಕ್ಯರಾದರು. ಹಳೆಯ ಮನೆಯನ್ನು ಕೆಡವುವಾಗ ಓಲೆಗಳು ಮಣ್ಣುಪಾಲಾದವು. ಉಳಿದುದು ನನ್ನ ಯಂತ್ರದೊಳಗಿನ ಪ್ರತಿಯೊಂದೇ. ಅದಕ್ಕೆ ಮತ್ತೊಂದು ಪ್ರತಿ ಮಾಡಿಡದಿದ್ದುದು ನನ್ನದೇ ಆಲಸ್ಯ.

ಬೇಸಿಗೆಯ ರಜೆಗೆ ಬಂದಿದ್ದ ಮೊಮ್ಮಗ ಒಂದು ಸಂಜೆ, "ತಾತ, ಜಾಗ ತುಂಬಿಹೋಗಿತ್ತು. ಬೇಡದ್ದನ್ನೆಲ್ಲ ತೆಗೆದುಹಾಕಿದೆ" ಎಂದು ಹೆಮ್ಮೆಯಿಂದ ಹೇಳಿ, ತೆರವಾದ ಜಾಗಕ್ಕೆ ಒಂದು ಆಟವನ್ನೂ ತುಂಬಿದ. ಮರುದಿನ ಬೆಳಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ, 'ಎನ್‌ಟಿಎಲ್‌ಡಿಆರ್' ಕಾಣೆಯಾಗಿದೆ ಎಂಬ ಒಂದೇ ಸಾಲು. ಮಗುವಿನ ಮುಖ ಬಾಡಿತು. ಅವನು ಅಳಿಸಿದ್ದುದರಲ್ಲಿ ವಚನಗಳ ಕಡತಗಳೂ ಇದ್ದುವೆಂದು ತಿಳಿದಾಗ ನನಗೂ ಕೈಕಾಲು ಆಡಲಿಲ್ಲ.

ನಮ್ಮದು ವಿಂಡೋಸ್ ಎಕ್ಸ್‌ಪಿಯ ಹಳೆಯ ಯಂತ್ರ. ಅದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಇಂಥ ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಮೊದಲು ಹುಡುಕುವುದು ಎನ್‌ಟಿಎಲ್‌ಡಿಆರ್ ಎಂಬ ಸಣ್ಣ ಕಡತವನ್ನು. ಉಳಿದ ವ್ಯವಸ್ಥೆಯನ್ನೆಲ್ಲ ಎಬ್ಬಿಸುವುದು ಅದರ ಕಾಯಕ. ಮನೆಯ ಬೀಗದ ಕೈ ಕಳೆದರೆ ಒಳಗಿನ ಒಡವೆ ಕಳೆದಂತಲ್ಲ. ಯಂತ್ರ ಏಳಲಿಲ್ಲವೆಂದ ಮಾತ್ರಕ್ಕೆ ಒಳಗಿರುವುದೆಲ್ಲ ನಾಶವಾಯಿತೆಂದು ತಿಳಿಯಬಾರದು.

ಊರಿನ ಒಂದು ದುರಸ್ತಿ ಅಂಗಡಿಗೆ ಒಯ್ದೆ. "ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಡ್ತೀನಿ, ಸಂಜೆ ಬನ್ನಿ ಸ್ವಾಮಿ" ಎಂದರು. ಯಂತ್ರ ಸರಿಹೋಗುವುದು ನಿಜ, ವಚನಗಳ ಗತಿಯೇನು ಎಂದು ಕೇಳಿದೆ. ಅವರಲ್ಲಿ ಉತ್ತರವಿರಲಿಲ್ಲ. ಪೆಟ್ಟಿಗೆಯನ್ನು ಹಾಗೆಯೇ ಹಿಂದಕ್ಕೆ ತಂದೆ. ಅಂದು ಮಾಡಿದ ಸರಿಯಾದ ಕೆಲಸ ಅದೊಂದೇ.

ತರೀಕೆರೆಯಲ್ಲಿ ಗಣಕಯಂತ್ರಗಳ ಕೆಲಸ ಬಲ್ಲ ನಮ್ಮ ಬಂಧುಗಳ ಹುಡುಗನೊಬ್ಬನಿದ್ದಾನೆ. ಅವನು ಫೋನಿನಲ್ಲಿ ಹೇಳಿದ ಮೊದಲ ಮಾತು, "ಅಜ್ಜಾ, ಅದನ್ನ ಮತ್ತೆ ಆನ್ ಮಾಡ್ಬೇಡಿ" ಎಂದು. ಬೀರೂರಿನ ಮಾರ್ಗವಾಗಿ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಒಯ್ದಾಗ ಕಾರಣವನ್ನೂ ವಿವರಿಸಿದ. ಕಡತವನ್ನು ಅಳಿಸಿದಾಗ ಯಂತ್ರವು ಅಕ್ಷರಗಳನ್ನು ಕೂಡಲೇ ಒರೆಸುವುದಿಲ್ಲ. ತನ್ನ ಪಟ್ಟಿಯಲ್ಲಿ ಆ ಜಾಗ ಖಾಲಿಯೆಂದು ಗುರುತಿಟ್ಟುಕೊಳ್ಳುತ್ತದೆ, ಅಷ್ಟೆ. ಹೊಸದೇನನ್ನಾದರೂ ಅಲ್ಲಿ ಬರೆದಾಗಲೇ ಹಳೆಯದು ನಿಜವಾಗಿ ಅಳಿಯುವುದು. ಆದ್ದರಿಂದ ಹೊಸ ವಿಂಡೋಸ್ ತುಂಬುವುದೆಂದರೆ ಉಳಿದುದರ ಮೇಲೆ ಸಗಣಿ ಸಾರಿಸಿದಂತೆ.

ಅವನು ಹಾರ್ಡ್ ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿ, ಬೆಲೆಯಿಲ್ಲದೆ ದೊರೆಯುವ 'ಫೋಟೋರೆಕ್' ಎಂಬ ತಂತ್ರಾಂಶದಿಂದ ಶೋಧಿಸಿದ. ದೊರೆತುದನ್ನು ಅದೇ ಡಿಸ್ಕಿಗೆ ಬರೆಯದೆ ಬೇರೊಂದರಲ್ಲಿ ಇಳಿಸಿಕೊಂಡ. ಒಂದು ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. "ಕೆಟ್ಟುಹೋಗಿದೆ ಅಜ್ಜಾ" ಎಂದ. ನುಡಿಯ ಅಕ್ಷರಶೈಲಿಯನ್ನು ಅಳವಡಿಸು ಎಂದೆ. ಕನ್ನಡ ಕಣ್ತೆರೆಯಿತು.

ಆದರೆ ಆ ತಂತ್ರಾಂಶವು ಕಡತದ ಒಡಲನ್ನು ಹುಡುಕಿ ಕೊಡುತ್ತದೆಯೇ ಹೊರತು ಹೆಸರನ್ನಲ್ಲ. ಎಲ್ಲಕ್ಕೂ ಬರಿಯ ಅಂಕೆಗಳಿದ್ದುವು. ಕಟ್ಟು ಬಿಚ್ಚಿ ಚೆದುರಿದ ಓಲೆಗರಿಗಳದೇ ಸ್ಥಿತಿ. ಆಗ ನೆರವಿಗೆ ಬಂದುದು ಶರಣರೇ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅಂಕಿತ ಹಿಡಿದು ಒಂದೊಂದನ್ನೇ ಓದಿ ಅದರದರ ಜಾಗದಲ್ಲಿ ಇರಿಸಲು ನನಗೆ ಎರಡು ತಿಂಗಳು ಹಿಡಿಯಿತು. 41 ಕಡತಗಳಲ್ಲಿ 38 ದೊರೆತುವು. ಉಳಿದ ಮೂರು ಮೊಮ್ಮಗನ ಆಟದ ಅಡಿಯಲ್ಲಿ ಸಮಾಧಿಯಾದುವು.

ಕೊನೆಗೆ ಯಂತ್ರದ ಸರದಿ. ಎಕ್ಸ್‌ಪಿಯ ಸಿಡಿಯಲ್ಲಿ 'ಐ386' ಎಂಬ ಕೋಶದಲ್ಲಿರುವ ಎನ್‌ಟಿಎಲ್‌ಡಿಆರ್ ಮತ್ತು ಎನ್‌ಟಿಡಿಟೆಕ್ಟ್ ಎಂಬ ಎರಡು ಕಡತಗಳನ್ನು ಸಿ ಡ್ರೈವಿನ ಮೊದಲ ಹಂತದಲ್ಲಿ ಇರಿಸಿದೊಡನೆ ಅದು ಎದ್ದು ಕುಳಿತಿತು. ಮೊದಲು ಒಡವೆ, ಆಮೇಲೆ ಬೀಗದ ಕೈ: ಈ ಅನುಕ್ರಮ ತಪ್ಪಬಾರದು.

ಡಾ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1993ರಲ್ಲಿ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. ಅವರು ಒಂದು ಪ್ರತಿಯನ್ನು ಸಾವಿರವಾಗಿಸಿದರು. ನಾನು ಒಂದನ್ನು ಒಂದಾಗಿಯೇ ಇಟ್ಟು ಕಳೆದುಕೊಳ್ಳಲಿದ್ದೆ.

ಓದುಗರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಕಡತ ಅಳಿದುದು ತಿಳಿದೊಡನೆ ಯಂತ್ರವನ್ನು ಆರಿಸಿ, ಮತ್ತೆ ಮುಟ್ಟದಿರಿ. ದುರಸ್ತಿಗೆ ಕೊಡುವಾಗ 'ಒಳಗಿರುವುದನ್ನು ಮೊದಲು ಉಳಿಸಿಕೊಡಿ' ಎಂದು ಬಾಯಿಬಿಟ್ಟು ಹೇಳಿ. ಹೊಸ ಯಂತ್ರಗಳಲ್ಲಿರುವ ಎಸ್‌ಎಸ್‌ಡಿ ಎಂಬ ಸಾಧನವು ಅಳಿಸಿದ ಜಾಗವನ್ನು ಬೇಗನೆ ತಾನಾಗಿ ತೊಳೆದುಬಿಡುವುದರಿಂದ ಅಲ್ಲಿ ಈ ಆಸೆಯೂ ಕಡಿಮೆ. ಆದುದರಿಂದ ಅಮೂಲ್ಯವಾದುದಕ್ಕೆ ಮನೆಯಲ್ಲೊಂದು, ಬೇರೆ ಊರಿನ ಬಂಧುಗಳಲ್ಲೊಂದು ಪ್ರತಿಯಿರಲಿ. ಕಾಗದದ ಮೇಲೂ ಒಂದಿರಲಿ.

ಮೊಮ್ಮಗನನ್ನು ನಾನು ಗದರಿಸಲಿಲ್ಲ. ದೊರೆತ ಕಡತಗಳಿಗೆ ಹೆಸರಿಡುವಾಗ ಪಕ್ಕದಲ್ಲಿ ಕೂರಿಸಿಕೊಂಡೆ. ಈಗ ಅಂಕಿತ ನೋಡಿ ವಚನಕಾರರನ್ನು ಹೇಳುವುದು ಅವನಿಗೂ ಬರುತ್ತದೆ.