ಎರಡು ವರ್ಷವಾದರೂ ಮಾತು ಕಡಿಮೆ: ಕಾಯಬೇಕೇ, ತೋರಿಸಬೇಕೇ?

ಮಗುವಿಗೆ ಎರಡು ತುಂಬಿದೆ. ಆಡುವ ಮಾತು ಹತ್ತೋ ಹನ್ನೆರಡೋ. ಊರಿಗೆ ಫೋನ್ ಮಾಡಿದರೆ ನಿಮ್ಮ ಅತ್ತೆ, "ಗಂಡು ಮಕ್ಕಳಿಗೆ ಮಾತು ನಿಧಾನ ಕಣಮ್ಮಾ, ಇವನಪ್ಪನೂ ಹಾಗೇ ಇದ್ದ" ಅನ್ನುತ್ತಾರೆ. ಡೇಕೇರ್‌ನವರು, "ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ನೋಡಿ" ಅನ್ನುತ್ತಾರೆ. ಇಬ್ಬರದೂ ಕಾಳಜಿಯೇ. ಆದರೆ ಅಷ್ಟನ್ನೇ ನಂಬಿ ಕೂರಬೇಡಿ.

ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಬರುವುದಿಲ್ಲ. ಕನ್ನಡ ಬಿಟ್ಟರೆ ಇರುವ ತೊಂದರೆ ಹೋಗುವುದೂ ಇಲ್ಲ. ನಿಜವಾದ ತೊಂದರೆ ಇದ್ದರೆ ಅದು ಎರಡು ಭಾಷೆಯಲ್ಲೂ ಕಾಣುತ್ತದೆ. ಆದ್ದರಿಂದ ಎಣಿಸುವಾಗ ಎರಡನ್ನೂ ಸೇರಿಸಿ ಎಣಿಸಿ.

ಒಂದು ವಾರ ಫ್ರಿಜ್ ಮೇಲೆ ಹಾಳೆ ಅಂಟಿಸಿ, ಮಗು ತಾನಾಗಿ ಆಡಿದ್ದನ್ನೆಲ್ಲ ಬರೆಯಿರಿ. ನೀರಿಗೆ ಯಾವಾಗಲೂ "ನೀ" ಅಂದರೆ ಅದೂ ಒಂದು ಪದ. ನಾಯಿ ಕಂಡಾಗಲೆಲ್ಲ "ಬೌ ಬೌ" ಅಂದರೆ ಅದೂ ಪದವೇ. "ಹಾಲು", "ಮಿಲ್ಕ್" ಎರಡನ್ನೂ ಬರೆಯಿರಿ.

ಅಮೆರಿಕದ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ, 18 ತಿಂಗಳಿಗೆ ಅಮ್ಮ, ಅಪ್ಪ ಬಿಟ್ಟು ಮೂರಾದರೂ ಪದ ಹೇಳಲು ಯತ್ನಿಸಬೇಕು. ಎರಡು ವರ್ಷಕ್ಕೆ ಎರಡು ಪದ ಜೋಡಿಸಬೇಕು. ಎರಡೂವರೆಗೆ ಸುಮಾರು 50 ಪದ ಇರಬೇಕು. "ಹಾಲು ಬೇಕು" ಅಂದರೂ ಸರಿ, "ಮೋರ್ ಹಾಲು" ಅಂದರೂ ಸರಿ.

ಆಡುವ ಮಾತಿನಷ್ಟೇ ಅರ್ಥವಾಗುವ ಮಾತೂ ಮುಖ್ಯ. ಕೈಸನ್ನೆ ಇಲ್ಲದೆ "ಚೆಂಡು ಕೊಡು" ಅಂದರೆ ಕೊಡುತ್ತದೆಯೇ? ವಿಮಾನ ಕಂಡರೆ ನಿಮಗೆ ಬೆರಳು ಮಾಡಿ ತೋರಿಸುತ್ತದೆಯೇ? ಹೆಸರು ಕರೆದರೆ ತಿರುಗುತ್ತದೆಯೇ? ಇವು ಇಲ್ಲದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ, ಒಂದು ದಿನವೂ ಕಾಯಬೇಡಿ. ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ. ಕಿವಿಯ ಪರೀಕ್ಷೆಯನ್ನೂ ಕೇಳಿ. ಹುಟ್ಟಿದಾಗ ಪಾಸಾಗಿದ್ದರೂ ಆಮೇಲೆ ಕಿವಿಯೊಳಗೆ ನೀರು ತುಂಬಿ ಕೇಳಿಸದೆ ಇರಬಹುದು.

ಎಲ್ಲ ಅರ್ಥವಾಗುತ್ತದೆ, ಆಡುವುದು ಮಾತ್ರ ಕಡಿಮೆ ಎನ್ನುವ ಮಕ್ಕಳಲ್ಲಿ ಅನೇಕರು ತಾವಾಗಿಯೇ ಸರಿಹೋಗುತ್ತಾರೆ. ಕೆಲವರು ಹೋಗುವುದಿಲ್ಲ. ನಿಮ್ಮ ಮಗು ಯಾವ ಗುಂಪು ಎಂದು ಮನೆಯಲ್ಲಿ ಕೂತು ಹೇಳಲಾಗದು. ಪರೀಕ್ಷೆ ಮಾಡಿಸುವುದು ಅದಕ್ಕೇ. ತೋರಿಸಿದ ಮಾತ್ರಕ್ಕೆ ಥೆರಪಿ ಶುರುವಾಗುವುದಿಲ್ಲ.

ಅಮೆರಿಕದಲ್ಲಿದ್ದರೆ, ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರತಿ ರಾಜ್ಯದಲ್ಲೂ 'ಅರ್ಲಿ ಇಂಟರ್ವೆನ್ಷನ್' ವ್ಯವಸ್ಥೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಅರ್ಲಿ ಸ್ಟಾರ್ಟ್, ಟೆಕ್ಸಾಸ್‌ನಲ್ಲಿ ಇಸಿಐ. ಡಾಕ್ಟರ ಚೀಟಿ ಬೇಡ, ನೀವೇ ಕರೆ ಮಾಡಬಹುದು. ಪರೀಕ್ಷೆ ಉಚಿತ; ಕರೆ ಮಾಡಿದ 45 ದಿನದೊಳಗೆ ಅದು ಮುಗಿಯಬೇಕು, ಮಗು ಅರ್ಹವಾದರೆ ಮುಂದಿನ ಯೋಜನೆಯ ಸಭೆಯೂ ನಡೆಯಬೇಕು. ಮೂರು ದಾಟಿದರೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನು ಕೇಳಬೇಕು.

ಕರೆ ಮಾಡುವಾಗ ಮನೆಮಾತು ಕನ್ನಡ ಎಂದು ಮೊದಲೇ ಹೇಳಿ, ದುಭಾಷಿಯನ್ನು ಕೇಳಿ. ಸಂಕೋಚ ಬೇಡ. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷಿಸಿದರೆ ಮಗುವಿನ ಅರ್ಧ ಮಾತು ಲೆಕ್ಕಕ್ಕೇ ಬರುವುದಿಲ್ಲ. ರಜೆಗೆ ಊರಿಗೆ ಹೋಗುವವರಿದ್ದರೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ತೋರಿಸಬಹುದು. ಆದರೆ ರಜೆಗಾಗಿ ಇಲ್ಲಿಯ ಕರೆಯನ್ನು ಮುಂದೂಡಬೇಡಿ.

ಪರೀಕ್ಷೆಯ ದಿನ ಫ್ರಿಜ್ ಮೇಲಿನ ಆ ಹಾಳೆಯನ್ನು ಜೊತೆಗೆ ಒಯ್ಯಿರಿ.