ಕಲ್ನಾರಿನ ಧೂಳು ಯಾರ ಲೆಕ್ಕಕ್ಕೆ?



ಹೋಟೆಲಿನಲ್ಲಿ ದುಡಿದವನಿಗೆ ಗಿರಾಕಿಯ ಕಸುಬನ್ನು ಕೇಳಿ ತಿಳಿಯಬೇಕಾಗಿಲ್ಲ. ಪ್ರೆಸ್ಸಿನವನ ಬೆರಳಿಗೆ ಮಸಿ, ಗ್ಯಾರೇಜಿನವನ ಉಗುರಿಗೆ ಗ್ರೀಸು. ನಾವು ಈ ಹೈದರಾಬಾದಿನ ಅಂಚಿನ ಕೈಗಾರಿಕಾ ಪೇಟೆಗಳಲ್ಲಿ ಚಹಾ ಹಂಚಿ ಬೆಳೆದವರು. ರೆಪ್ಪೆಯ ಮೇಲೆ ಬಿಳಿ ಧೂಳು ಕೂತವನು ಬಂದನೆಂದರೆ ಅವನು ಶೀಟಿನ ಕಾರ್ಖಾನೆಯವನು. ಅವನು ಎದ್ದುಹೋದ ಮೇಲೆ ಟೇಬಲ್ಲು ಒರೆಸಿ, ಬಟ್ಟೆಯನ್ನು ಬಾಗಿಲಲ್ಲಿ ನಿಂತು ಕೊಡವುತ್ತಿದ್ದೆವು. ಏನನ್ನು ಕೊಡವುತ್ತಿದ್ದೇವೆ ಎಂಬುದು ಆಗ ನಮಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಬೇರೆ ಇದ್ದರು.

ಅದು ಕಲ್ನಾರು, ಆಸ್ಬೆಸ್ಟಾಸ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಕಲ್ಲೇ, ಆದರೆ ನಾರಿನ ಹಾಗೆ ಬಿಡಿಸಬಹುದಾದ ಕಲ್ಲು. ಬೆಂಕಿಗೆ ಸುಡದು, ನೀರಿಗೆ ಕೊಳೆಯದು. ಆದ್ದರಿಂದಲೇ ಅದನ್ನು ಸಿಮೆಂಟಿನೊಡನೆ ಕಲಸಿ ಶೀಟು ಪೈಪು ಮಾಡುತ್ತಾರೆ. ಹಳೆಯ ಮಿಲ್ಲುಗಳಲ್ಲಿ ಬಾಯ್ಲರಿನ ಉಗಿಕೊಳವೆಗಳಿಗೆ ಸುತ್ತುತ್ತಿದ್ದರು. ಬೆಂಕಿ ಸುಡಲಾರದ್ದನ್ನು ಮನುಷ್ಯನ ಎದೆ ಕರಗಿಸಬಲ್ಲುದೆ? ಕಣ್ಣಿಗೆ ಕಾಣದ ಎಳೆ ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದಲ್ಲಿ ನಾಟಿಕೊಳ್ಳುತ್ತದೆ. ಶ್ವಾಸಕೋಶ ಗಟ್ಟಿಯಾಗುತ್ತ ಬಂದು ಉಸಿರು ಮೊಟಕಾಗುತ್ತದೆ. ಇದಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಕೆಲವರಿಗೆ ಶ್ವಾಸಕೋಶದ ಕ್ಯಾನ್ಸರ್, ಕೆಲವರಿಗೆ ಅದರ ಪೊರೆಗೆ ಹತ್ತುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್. ಗಂಡನ ಬಟ್ಟೆ ಒಗೆದ ಹೆಂಗಸರಿಗೂ ಈ ರೋಗ ಬಂದುದುಂಟು.

ಇವು ಇಂದು ಧೂಳು ಕುಡಿದರೆ ನಾಳೆ ಬರುವ ರೋಗಗಳಲ್ಲ. ಹದಿನೈದು, ಇಪ್ಪತ್ತು, ಕೆಲವೊಮ್ಮೆ ನಲವತ್ತು ವರ್ಷ ಕಾಯುತ್ತವೆ. ಮಾಲೀಕನ ಅದೃಷ್ಟವೆಲ್ಲ ಇರುವುದು ಈ ಕಾಯುವಿಕೆಯಲ್ಲಿ. ರೋಗ ತಲೆಯೆತ್ತುವ ಹೊತ್ತಿಗೆ ದುಡಿದವನು ಬೀದರಕ್ಕೋ ಸೇಡಮ್ಮಿಗೋ ಮರಳಿರುತ್ತಾನೆ, ಗುತ್ತಿಗೆದಾರ ಬದಲಾಗಿರುತ್ತಾನೆ, ಹಾಜರಿ ಪುಸ್ತಕವನ್ನು ಗೆದ್ದಲು ತಿಂದಿರುತ್ತದೆ.

ಹೈದರಾಬಾದಿಗೂ ಕಲ್ನಾರಿಗೂ ಹಳೆಯ ನಂಟು. 1946ರಲ್ಲಿ, ನಿಜಾಮರ ಆಳ್ವಿಕೆ ಇನ್ನೂ ಇದ್ದಾಗ, ಹೈದರಾಬಾದ್ ಆಸ್ಬೆಸ್ಟಾಸ್ ಸಿಮೆಂಟ್ ಪ್ರಾಡಕ್ಟ್ಸ್ ಎಂಬ ಕಂಪನಿ ಇಲ್ಲಿ ಹುಟ್ಟಿತು. ಅದರ ಚಾರ್‌ಮಿನಾರ್ ಶೀಟು ನಮ್ಮ ಹಳ್ಳಿಗಳ ಮಾಡು ಹತ್ತಿತು. ಕಂಪನಿ ಆಮೇಲೆ ಹೈದರಾಬಾದ್ ಇಂಡಸ್ಟ್ರೀಸ್ ಆಯಿತು, ಎಚ್.ಐ.ಎಲ್. ಆಯಿತು, 2025ರಲ್ಲಿ ಬಿರ್ಲಾನು ಆಯಿತು. ಇಂದಿನ ಜಾರ್ಖಂಡಿನ ಚಾಯಿಬಾಸಾ ಬಳಿಯ ರೋರೋ ಬೆಟ್ಟದಲ್ಲಿ ಅದು ಕಲ್ನಾರು ಅಗೆಯುತ್ತಿತ್ತು. 1983ರಲ್ಲಿ ಗಣಿ ನಿಂತಿತು, ಗಣಿಯ ಕಸ ಬೆಟ್ಟದ ಮೇಲೆಯೇ ಉಳಿಯಿತು. ಕಂಪನಿಗೆ ನಾಲ್ಕು ಹೆಸರು ಬಂದುವು. ಕೆಳಗಿನ ಆದಿವಾಸಿ ಹಳ್ಳಿಗಳಿಗೆ ಬೆಟ್ಟ ಒಂದೇ.

1986ರಿಂದ ಸರಕಾರ ಕಲ್ನಾರು ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. ಸಂತೋಷ. ಆದರೆ ನಮ್ಮ ನೆಲದ ಕಲ್ಲು ಅಗೆದರೆ ಅಪಾಯ, ರಶಿಯಾ ಕಜಾಕಸ್ತಾನಗಳಿಂದ ಬಂದ ಚೀಲ ಬಿಚ್ಚಿದರೆ ಅಪಾಯವಿಲ್ಲ ಎಂಬುದು ಯಾವ ಶಾಸ್ತ್ರ? ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಮೇಲೆ ಈ ನಾರು ನಮ್ಮ ಬಂದರುಗಳಲ್ಲಿ ಇಳಿಯುತ್ತಿದೆ. ಅರವತ್ತಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ಬ್ರೆಜಿಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತನ್ನ ಜನಕ್ಕೆ ಇದು ಬೇಡವೆಂದಿತು. ಅಲ್ಲಿನ ಗಣಿಯ ಮಾಲು ನಮ್ಮ ಕಡೆಗೆ ಬರುವುದು ಮಾತ್ರ ನಿಲ್ಲಲಿಲ್ಲ. ಬಿಳಿ ಕಲ್ನಾರನ್ನು ಅಪಾಯದ ಪದಾರ್ಥಗಳ ಪಟ್ಟಿಗೆ ಸೇರಿಸಲು 2011ರಲ್ಲಿ ಜಿನೀವಾದಲ್ಲಿ ಒಪ್ಪಿದ ನಮ್ಮ ಸರಕಾರ 2013ರಲ್ಲಿ ಮಾತು ತಿರುಗಿಸಿತು. ನಡುವಿನ ಎರಡು ವರ್ಷಗಳಲ್ಲಿ ಧೂಳು ಸಾಧುವಾಯಿತೇ?

"ಬಿಳಿ ಕಲ್ನಾರು ನಿರಪಾಯ, ಜೋಪಾನವಾಗಿ ಬಳಸಿದರಾಯಿತು" ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ಹೇಳಿ ದಶಕಗಳಾದುವು. ಮುಂಬಯಿಯ ಒಂದು ಕಲ್ನಾರು ಮಿಲ್ಲಿನಲ್ಲಿ 181 ಮಂದಿ ಕಾರ್ಮಿಕರನ್ನು ಪರೀಕ್ಷಿಸಿದ ವರದಿ 2005ರಲ್ಲಿ ಹೊರಬಂತು: ನೂರಕ್ಕೆ ಸುಮಾರು 23 ಮಂದಿಗೆ ಆಸ್ಬೆಸ್ಟೋಸಿಸ್. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಜೋಪಾನದ ಮಾತಾಡುವ ಮಹನೀಯರು ಒಂದು ದಿನ, ಒಂದೇ ಒಂದು ದಿನ, ಚೀಲ ಬಿಚ್ಚುವ ಕಡೆ ನಮ್ಮ ಜನ ಕಟ್ಟಿಕೊಳ್ಳುವ ಕರವಸ್ತ್ರವನ್ನೇ ಮೂಗಿಗೆ ಕಟ್ಟಿಕೊಂಡು ನಿಲ್ಲಲಿ.

ಕಾಯಿದೆ ಇಲ್ಲವೇ? ಇದೆ, ಬಂಧುಗಳೇ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ 1986ರಲ್ಲಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1995ರ ಜನವರಿ 27ರಂದು ತೀರ್ಪಿತ್ತಿತು. ಕಾರ್ಮಿಕನ ಆರೋಗ್ಯ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದು ಎಂದಿತು. ಪ್ರತಿಯೊಬ್ಬ ಕಲ್ನಾರು ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾರ್ಖಾನೆ ಇಟ್ಟಿರಬೇಕು. ಎಲ್ಲರಿಗೂ ವಿಮೆ ಇರಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೋಗವಿದೆ ಎಂದು ಖಚಿತಪಡಿಸಿದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ವಿಧಿಸಿತು. ಕಲ್ನಾರನ್ನೇ ನಿಷೇಧಿಸಿ ಎಂಬ ಇನ್ನೊಂದು ಅರ್ಜಿ 2011ರಲ್ಲಿ ಬಿದ್ದುಹೋಯಿತು. 1995ರ ತೀರ್ಪು ಬೀಳಲಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮ ಹೋಟೆಲಿಗೆ ಒಬ್ಬರು ಬರುತ್ತಿದ್ದರು, ಹುಮನಾಬಾದ್ ತಾಲೂಕಿನವರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಒಂದು ಶೀಟಿನ ಕಾರ್ಖಾನೆಯಲ್ಲಿ ಚೀಲ ಬಿಚ್ಚಿ ಸುರಿಯುವ ಕೆಲಸ. ಹದಿನೇಳು ವರ್ಷ, ನಾಲ್ವರು ಗುತ್ತಿಗೆದಾರರು. ಕೊನೆಗೆ ಗಲ್ಲಾದಿಂದ ಬಾಗಿಲಿನವರೆಗೆ ನಡೆದರೆ ನಿಂತು ದಮ್ಮು ತೆಗೆದುಕೊಳ್ಳುವಂತಾಯಿತು. "ಟಿ.ಬಿ. ಅಂದಾರಪಾ ಡಾಕ್ಟರು" ಎಂದರು. ಎರಡು ಸಲ ಟಿ.ಬಿ. ಗುಳಿಗೆ ನುಂಗಿದರು. ಕಫದಲ್ಲಿ ಟಿ.ಬಿ. ಎರಡು ಸಲವೂ ಸಿಗಲಿಲ್ಲ. ಏನು ಕೆಲಸ ಮಾಡುತ್ತಿ ಎಂದು ಯಾರೂ ಕೇಳಲಿಲ್ಲ. ನಾವು ಇಬ್ಬರು ಅವರ ಜೊತೆ ಕಾರ್ಖಾನೆಯ ಗೇಟಿಗೆ ಹೋಗಿ, ದುಡಿದದ್ದಕ್ಕೆ ಒಂದು ಚೀಟಿ ಕೊಡಿ ಎಂದೆವು. ಗುಮಾಸ್ತ ಪುಸ್ತಕ ತಿರುವಿ, ಈ ಹೆಸರಿನವನು ಇಲ್ಲಿ ಕೆಲಸ ಮಾಡಿಯೇ ಇಲ್ಲ ಎಂದ.

ನಮ್ಮ ಹೋಟೆಲಿನ ಉದ್ದರಿ ಪುಸ್ತಕದಲ್ಲಿ ಅವರ ಹೆಸರಿತ್ತು. ಯಾವ ಪಾಳಿ ಮುಗಿಸಿ ಬಂದರು, ಎಷ್ಟು ಚಹಾ ಕುಡಿದರು, ಎಲ್ಲವೂ ಇತ್ತು. ಐದು ರೂಪಾಯಿಯ ಚಹಾಕ್ಕೆ ಲೆಕ್ಕವಿತ್ತು, ಹದಿನೇಳು ವರ್ಷದ ಉಸಿರಿಗೆ ಇರಲಿಲ್ಲ. ಕಾಕಾ ಮುಂದಿನ ಮಳೆಗಾಲಕ್ಕೆ ತೀರಿಕೊಂಡರು. ಆ ಪುಸ್ತಕವೂ ಒಂದು ಸಾಕ್ಷಿಯಾಗಬಹುದೆಂದು ನಮಗೆ ಹೊಳೆಯಲಿಲ್ಲ. ಇನ್ನೇನು ಮಾಡುವುದೆಂದು ಸುಮ್ಮನಾದೆವು. ಈ ತಪ್ಪು ನಮ್ಮದೂ ಹೌದು, ಮುಚ್ಚಿಡುವುದಿಲ್ಲ.

ಆಗ ನಮಗೆ ತಿಳಿಯದಿದ್ದುದನ್ನು ಈಗ ಬರೆಯುತ್ತೇವೆ. ಆಸ್ಬೆಸ್ಟೋಸಿಸ್ಸೂ ಕಲ್ನಾರಿನಿಂದ ಬಂದ ಕ್ಯಾನ್ಸರೂ ಕಾಯಿದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ಇ.ಎಸ್.ಐ. ಚೀಟಿ ಇದ್ದವನಿಗೆ ಪರಿಹಾರ ಇ.ಎಸ್.ಐ.ಯಿಂದಲೇ: ವೈದ್ಯಮಂಡಳಿ ಕೆಲಸದ ಶಕ್ತಿ ಎಷ್ಟು ಕುಗ್ಗಿದೆ ಎಂದು ನಿರ್ಧರಿಸಿದ ಮೇಲೆ ತಿಂಗಳು ತಿಂಗಳೂ ಹಣ ಬರಬೇಕು, ಸತ್ತರೆ ಹೆಂಡತಿ ಮಕ್ಕಳಿಗೆ. ಆ ಚೀಟಿ ಇಲ್ಲದವನು ಕಾರ್ಮಿಕ ಇಲಾಖೆಯ ಪರಿಹಾರ ಅಧಿಕಾರಿಯ ಮುಂದೆ ಮಾಲೀಕನ ಮೇಲೆ ಅರ್ಜಿ ಹಾಕಬೇಕು. ಗುತ್ತಿಗೆದಾರ ಪರಾರಿಯಾದರೂ ಮೂಲ ಮಾಲೀಕ ತಪ್ಪಿಸಿಕೊಳ್ಳುವಂತಿಲ್ಲ. ಕೆಲಸ ಬಿಟ್ಟ ಮೇಲೆ ರೋಗ ಬಂದರೂ, ಅದು ಆ ಕೆಲಸದಿಂದಲೇ ಬಂತೆಂದು ತೋರಿಸಿದರೆ ಹಕ್ಕು ಸಾಯುವುದಿಲ್ಲ. ಅರ್ಜಿಗೆ ಹೈದರಾಬಾದಿಗೇ ಬರಬೇಕೆಂದಿಲ್ಲ. ವಾಸವಿರುವ ಊರಿನ ಕಡೆಯೇ, ಬೀದರದಲ್ಲೇ ಹಾಕಬಹುದು. ಆದರೆ ರೋಗ ಗೊತ್ತಾದ ಮೇಲೆ ತಡಮಾಡಬೇಡಿ, ಕಾಯಿದೆಗೆ ಗಡುವಿದೆ.

2025ರ ನವೆಂಬರ್ 21ರಿಂದ 1948ರ ಕಾರ್ಖಾನೆ ಕಾಯಿದೆ, 1923ರ ಪರಿಹಾರ ಕಾಯಿದೆ, ಇ.ಎಸ್.ಐ. ಕಾಯಿದೆಗಳ ಜಾಗದಲ್ಲಿ ಹೊಸ ಸಂಹಿತೆಗಳು ಬಂದಿವೆ. ರೋಗಗಳ ಪಟ್ಟಿ ಅದರಲ್ಲೂ ಇದೆ. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ದುಡಿದರೆ ಹಿಂದೆ ಕಾರ್ಖಾನೆ ಎನಿಸುತ್ತಿತ್ತು; ಈಗ ಇಪ್ಪತ್ತು ಬೇಕು. ಶೀಟು ಕತ್ತರಿಸುವ, ತೂತು ಕೊರೆಯುವ ಸಣ್ಣ ಶೆಡ್ಡುಗಳಲ್ಲಿ ಹದಿನೆಂಟು ಮಂದಿಯನ್ನೇ ತೋರಿಸುವ ಜಾಣರಿಗೆ ಇದು ಹಬ್ಬ.

"ಇದನ್ನೆಲ್ಲ ಎತ್ತಿದರೆ ಕಾರ್ಖಾನೆ ಮುಚ್ಚುತ್ತಾರೆ, ಅನ್ನ ಯಾರು ಹಾಕುತ್ತಾರೆ?" ಎಂದು ನಮ್ಮವರೇ ಕೇಳುತ್ತಾರೆ. ಹಸಿವಿನ ಭಯ ಸುಳ್ಳಲ್ಲ, ನಾವೂ ಅದನ್ನು ಉಂಡವರು. ಆದರೆ ಇದೇ ಊರಿನ ಕಂಪನಿಗಳು ಕಲ್ನಾರಿಲ್ಲದ ಶೀಟನ್ನೂ ಹಲಗೆಯನ್ನೂ ಮಾಡಿ ಮಾರುತ್ತಿವೆ. ಯಂತ್ರ ನಡೆಯುವುದಕ್ಕೆ ಈ ನಾರೇ ಆಗಬೇಕೆಂದಿಲ್ಲ ಎಂದು ಮಾಲೀಕನೇ ತೋರಿಸಿಕೊಟ್ಟಿದ್ದಾನೆ. ನಾವೇಕೆ ಅವನ ಪರವಾಗಿ ವಾದಿಸಬೇಕು?

ಕೆಲಸದಲ್ಲಿರುವವರು ಇಂದೇ ಆರೋಗ್ಯ ದಾಖಲೆಯ ನಕಲು ಕೇಳಿರಿ, ಬರವಣಿಗೆಯಲ್ಲಿ ಕೇಳಿರಿ. ಡಾಕ್ಟರರು ಕೇಳದಿದ್ದರೂ "ನಾನು ಕಲ್ನಾರಿನಲ್ಲಿ ಇಷ್ಟು ವರ್ಷ ದುಡಿದೆ" ಎಂದು ಹೇಳಿ ಚೀಟಿಯಲ್ಲಿ ಬರೆಸಿರಿ. ಊರಿಗೆ ಮರಳಿದವರಿಗೆ ಈ ಪತ್ರಿಕೆಯನ್ನು ತಲುಪಿಸಿರಿ. ಸಂಬಳದ ಚೀಟಿ, ಗೇಟು ಪಾಸು, ಜೊತೆಗೆ ದುಡಿದವರ ಹೇಳಿಕೆ, ಹೋಟೆಲಿನ ಉದ್ದರಿ ಪುಸ್ತಕವಾದರೂ ಸರಿ, ಏನಿದ್ದರೂ ತನ್ನಿರಿ. ಭಾನುವಾರ ಬೆಳಿಗ್ಗೆ ಸಂಘದ ಕೋಣೆ ತೆರೆದಿರುತ್ತದೆ, ಅರ್ಜಿ ಬರೆಯಲು ನಾವಿರುತ್ತೇವೆ. ಎಕ್ಸರೇ ಫಿಲ್ಮು ಇದ್ದವರು ಅದನ್ನು ಮಡಚದೆ ತನ್ನಿರಿ.