ತಗಡಿನ ಶುಚಿ, ಕೈಯ ಶುಚಿ

ನಮ್ಮ ಊರಿನ ಮನೆಗಳಲ್ಲಿ ರಂಗೋಲಿಯ ತೂತಿನ ತಗಡನ್ನು ಕಾಣದವರು ವಿರಳ. ಅದನ್ನು ಹೊಸ್ತಿಲ ಮುಂದಿಟ್ಟು, ಪುಡಿಯನ್ನು ಹರಡಿ, ಅಂಗೈಯಿಂದ ಸವರಿ ಮೇಲಕ್ಕೆತ್ತಿದರೆ ನೆಲದ ಮೇಲೆ ಚಿತ್ರ ಮೂಡಿರುತ್ತದೆ. ನಮ್ಮ ಟೆಲಿವಿಷನ್, ಮೊಬೈಲ್, ಆಸ್ಪತ್ರೆಯ ಮಾನಿಟರುಗಳ ಒಳಗಿರುವ ಸರ್ಕ್ಯೂಟ್ ಫಲಕಗಳೂ ಇದೇ ರೀತಿಯಿಂದ ಸಿದ್ಧವಾಗುತ್ತವೆ ಎಂಬುದನ್ನು ಬಲ್ಲವರು ಕಡಿಮೆ. ಸುಮಾರು 0.1ರಿಂದ 0.15 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯಲ್ಲಿ ಲೇಸರಿನಿಂದ ಸೂಕ್ಷ್ಮ ರಂಧ್ರಗಳನ್ನು ಕೊರೆದಿರುತ್ತಾರೆ. ಇದಕ್ಕೆ ಸ್ಟೆನ್ಸಿಲ್ ಎಂದು ಹೆಸರು. ಇದರ ಮೇಲೆ ಬೂದು ಬಣ್ಣದ ಬೆಸುಗೆ ಲೇಪವನ್ನು ಸವರಿದಾಗ, ಬಿಡಿಭಾಗಗಳು ಕೂರಬೇಕಾದ ಸ್ಥಳದಲ್ಲಿ ಮಾತ್ರ ಲೇಪವು ಇಳಿಯುತ್ತದೆ.

ಲೇಪವು ರಂಧ್ರಗಳಲ್ಲಿ ಒಣಗಿ ನಿಂತರೆ ಮುಂದಿನ ಫಲಕಗಳ ಬೆಸುಗೆ ಕೆಡುತ್ತದೆ. ಆದುದರಿಂದ ಈ ತಗಡನ್ನು ಕೆಲಸದ ನಡುವೆ ಆಗಾಗ ಒರೆಸಬೇಕು. ಕೆಲಸ ಮುಗಿದೊಡನೆ ತೊಳೆಯಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಮುಚ್ಚಿದ ಯಂತ್ರಗಳಿವೆ. ಸಣ್ಣ ಘಟಕಗಳಲ್ಲಿ ಮನುಷ್ಯನ ಕೈಯೇ ಯಂತ್ರ.

ಮುಂಬಯಿಗೂ ಈ ಉದ್ಯಮಕ್ಕೂ ಹಳೆಯ ನಂಟು. 1973ರಲ್ಲಿ ಅಂಧೇರಿ ಪೂರ್ವದಲ್ಲಿ ಸ್ಥಾಪಿತವಾದ ಸೀಪ್ಜ್ ವಲಯವು ಮೊದಲಿಗೆ ಎಲೆಕ್ಟ್ರಾನಿಕ್ಸ್ ರಫ್ತಿಗೆಂದೇ ಹುಟ್ಟಿದ್ದು. ಉಪನಗರಗಳ ಇಂಡಸ್ಟ್ರಿಯಲ್ ಎಸ್ಟೇಟುಗಳ ಗಾಳಾಗಳಲ್ಲಿ ಸಣ್ಣ ಘಟಕಗಳು ಇಂದಿಗೂ ದುಡಿಯುತ್ತಿವೆ.

ಅಂತಹ ಒಂದು ಗಾಳಾಕ್ಕೆ ಸಾಲದ ಅರ್ಜಿಯ ಪರಿಶೀಲನೆಗೆಂದು ನಾನು ಹೋಗಿದ್ದೆ. ದಾಸ್ತಾನನ್ನು ಎಣಿಸಿದೆ, ಯಂತ್ರಗಳ ವಿಮಾ ಪತ್ರವನ್ನು ನೋಡಿದೆ, ಸ್ಟೆನ್ಸಿಲುಗಳ ಸವಕಳಿಯ ಲೆಕ್ಕವನ್ನೂ ತಾಳೆ ನೋಡಿದೆ. ಹೊರಡುವಾಗ ಮೂಲೆಯ ಬೇಸಿನ್ನಿನ ಬಳಿ ಒಬ್ಬ ಹುಡುಗಿ ಬರಿಗೈಯಿಂದ ಬಟ್ಟೆಯನ್ನು ದ್ರಾವಕದಲ್ಲಿ ಅದ್ದಿ ತಗಡನ್ನು ಉಜ್ಜುತ್ತಿದ್ದಳು. ವಿಚಾರಿಸಿದಾಗ ವಿಜಯಪುರದ ಕಡೆಯ ಕನ್ನಡದಲ್ಲಿಯೇ ಉತ್ತರ ಬಂದಿತು. ಕೆಲಸ ಮುಗಿಸಿ ಕೈಯನ್ನು ಅದೇ ಬಟ್ಟೆಯ ಒಣ ತುದಿಗೆ ಒರೆಸಿಕೊಂಡು ಅವಳು ಊಟದ ಡಬ್ಬಿಯನ್ನು ತೆರೆದಳು. ನಾನು ಏನೂ ಹೇಳಲಿಲ್ಲ. ಬ್ಯಾಂಕಿಗೆ ಮರಳಿ ಅನುಕೂಲಕರವಾದ ವರದಿಯನ್ನೇ ಬರೆದೆ. ಆ ಮೌನವೇ ಈ ಲೇಖನಕ್ಕೆ ಕಾರಣ.

ಆ ಲೇಪದಲ್ಲಿ ಏನಿದೆ? ಹಳೆಯ ಬಗೆಯದರಲ್ಲಿ ಶೇಕಡಾ 63 ತವರ, 37 ಸೀಸ ಇರುವ ಮಿಶ್ರಲೋಹದ ಅತಿ ಸಣ್ಣ ಗೋಲಿಗಳು. ಯುರೋಪಿನಲ್ಲಿ 2006ರ ಜುಲೈ 1ರಿಂದ ಸೀಸಕ್ಕೆ ನಿರ್ಬಂಧ ಬಂದಿತು. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳೂ ಹಲವು ಉಪಕರಣಗಳಿಗೆ ಶೇಕಡಾ 0.1ರ ಮಿತಿಯನ್ನು ಹಾಕಿವೆ. ಆದರೆ ಆ ನಿಯಮದ ವ್ಯಾಪ್ತಿಗೆ ಬಾರದ ಕೆಲಸಗಳಲ್ಲಿ ಸೀಸದ ಬೆಸುಗೆ ಉಳಿದಿದೆ. ಇಂತಹ ಸೀಸವು ಚರ್ಮದ ಮೂಲಕ ಒಳಹೋಗುವುದು ಅತ್ಯಲ್ಪ. ಕೈಯಿಂದ ತುತ್ತಿಗೆ, ತುತ್ತಿನಿಂದ ಹೊಟ್ಟೆಗೆ ಹೋಗುವುದೇ ಹೆಚ್ಚು. ಒಣಗಿದ ಲೇಪದ ಧೂಳು ಉಡುಪಿಗೆ ಅಂಟಿ ಮನೆಯನ್ನೂ ಸೇರುತ್ತದೆ. ಅದು ಎಲುಬಿನಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಗರ್ಭಿಣಿಯ ರಕ್ತದಿಂದ ಶಿಶುವಿಗೂ ದಾಟುತ್ತದೆ. ಆಯಾಸ, ಹೊಟ್ಟೆನೋವು, ರಕ್ತಹೀನತೆ ಇವೇ ಲಕ್ಷಣಗಳಾದುದರಿಂದ ರೋಗಿ ಅದನ್ನು ಊಟದ ದೋಷವೆಂದೇ ಭಾವಿಸುತ್ತಾನೆ. ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1948ರ ಕಾರ್ಖಾನೆ ಕಾಯಿದೆಯೇ ಸೀಸದ ವಿಷವನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು.

ಸೀಸವಿಲ್ಲದ ಲೇಪವಾದರೆ ಚಿಂತೆಯಿಲ್ಲ ಎನ್ನುವಂತಿಲ್ಲ. ತೊಳೆಯುವ ದ್ರಾವಕ ಉಳಿದೇ ಇದೆ. ಸಾಮಾನ್ಯವಾಗಿ ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿಯು ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಮುಂಬಯಿಯ ಗಾಳಾದೊಳಗೆ ಅಷ್ಟು ತಂಪಾದ ದಿನವೇ ಅಪರೂಪ. ಅದು ಚರ್ಮದ ಜಿಡ್ಡನ್ನು ತೆಗೆದು ಬಿರುಕು ಬಿಡಿಸುತ್ತದೆ. ಇನ್ನೂ ಬೇಗ ಒಣಗಲೆಂದು ಬೇರೆ ದ್ರಾವಕವನ್ನು ತಂದರೆ ಆಗುವ ಅನಾಹುತವನ್ನು ಚೀನಾದ ಸೂಚೌ ನಗರ ತೋರಿಸಿದೆ. ಅಲ್ಲಿನ ಒಂದು ಕಾರ್ಖಾನೆ 2009ರ ಸುಮಾರಿಗೆ ಸ್ಪರ್ಶಪರದೆಗಳನ್ನು ಒರೆಸಲು ಆಲ್ಕೊಹಾಲಿನ ಬದಲು ಹೆಕ್ಸೇನನ್ನು ಬಳಸಿತು. 137 ಕಾರ್ಮಿಕರು ಅದರ ವಿಷಕ್ಕೆ ತುತ್ತಾದರು. ಅದು ನರಗಳನ್ನು ಹಾಳುಮಾಡುವ ವಿಷ. ಉಳಿದದ್ದು ಕೆಲವು ಕ್ಷಣಗಳು. ಕಳೆದದ್ದು ಕೈಕಾಲಿನ ಬಲ.

"ಸಣ್ಣ ಉದ್ಯಮಿ ಇಷ್ಟೆಲ್ಲ ವೆಚ್ಚವನ್ನು ಹೇಗೆ ಹೊರಬೇಕು?" ಎಂದು ಕೇಳುವವರುಂಟು. ಅವರ ಕಷ್ಟವನ್ನು ನಾನು ಬಲ್ಲೆ. ಅವರ ಲೆಕ್ಕಪತ್ರಗಳನ್ನು ಓದುವುದೇ ನನ್ನ ಉದ್ಯೋಗ. ಆದರೆ ಬೇಕಾದುದು ಅರಮನೆಯಲ್ಲ. ನೈಟ್ರೈಲ್ ಕೈಗವಸು, ಗಾಳಿಯನ್ನು ಹೊರಗೆ ಎಳೆಯುವ ಫ್ಯಾನು, ಊಟಕ್ಕೆ ಬೇರೆ ಜಾಗ, ಕೈ ತೊಳೆಯಲು ಬೇರೆ ಬೇಸಿನ್ನು, ಸಾಬೂನು, ಮನೆಗೆ ಒಯ್ಯದ ಮೇಲುಡುಪು, ಒರೆಸಿದ ಬಟ್ಟೆಗೆ ಮುಚ್ಚಳದ ಡಬ್ಬಿ. ಸ್ಯಾನಿಟೈಸರ್ ಸವರಿದರೆ ಸೀಸ ಹೋಗುವುದಿಲ್ಲ. ಸಾಬೂನು ಮತ್ತು ನೀರೇ ಬೇಕು. ತೊಳೆದ ದ್ರಾವಕವನ್ನು ಮೋರಿಗೆ ಸುರಿಯದೆ ಅಪಾಯಕಾರಿ ತ್ಯಾಜ್ಯವೆಂದು ಒಪ್ಪಿಸಬೇಕು. ತಗಡಿನ ಸವಕಳಿಗೆ ಲೆಕ್ಕ ಇಡುವವರು ಕೈಯ ಸವಕಳಿಗೂ ಒಂದು ಸಾಲನ್ನು ಇಡಬಾರದೇಕೆ? ಸಾಲ ಕೊಡುವ ನಮ್ಮಂಥವರು ಆ ಸಾಲನ್ನು ಕೇಳಿ ನೋಡಬಾರದೇಕೆ?

ನಮ್ಮ ಸಂಘಗಳಿಗೂ ಇಲ್ಲಿ ಕರ್ತವ್ಯವಿದೆ. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಮಝಿನಿ ಕಸುಬಿನ ರೋಗಗಳ ಕುರಿತು ಗ್ರಂಥವನ್ನು ಬರೆದಾಗ, ರೋಗಿಗೆ ವೈದ್ಯರು ಕೇಳುವ ಪ್ರಶ್ನೆಗಳ ಜೊತೆಗೆ "ನಿನ್ನ ಕಸುಬೇನು?" ಎಂಬುದನ್ನೂ ಸೇರಿಸಬೇಕೆಂದನು. ನಮ್ಮ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಅಳೆಯುತ್ತೇವೆ. ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ಮುಂದಿನ ಶಿಬಿರದ ನೋಂದಣಿ ಚೀಟಿಯಲ್ಲಿ ಎರಡು ಸಾಲು ಸೇರಲಿ: ಏನು ಕೆಲಸ ಮಾಡುತ್ತೀರಿ, ಊಟಕ್ಕೆ ಮುಂಚೆ ಕೈಯನ್ನು ಯಾವುದರಿಂದ ತೊಳೆಯುತ್ತೀರಿ? ಉತ್ತರದಲ್ಲಿ ಬೆಸುಗೆ, ಬ್ಯಾಟರಿ, ಬಣ್ಣ ಎಂಬ ಮಾತು ಬಂದರೆ ರಕ್ತದ ಸೀಸದ ಪರೀಕ್ಷೆಗೆ ಕಳುಹಿಸುವ ಏರ್ಪಾಡಾಗಲಿ. ಈ ನಗರಕ್ಕೆ ಹೊಟ್ಟೆಯ ಪಾಡಿಗಾಗಿ ಬಂದ ನಮ್ಮ ಮಕ್ಕಳು ಆ ಹೊಟ್ಟೆಗೇ ವಿಷವನ್ನು ಇಳಿಸಿಕೊಳ್ಳದಂತೆ ನೋಡಿಕೊಳ್ಳುವುದೂ ಕನ್ನಡದ ಸೇವೆಯೇ ಎಂದು ನಾನು ನಂಬಿದ್ದೇನೆ.